ಹಳೇ ಎಚ್‌ಪಿಎಲ್‌ಸಿ, ಕಡಿಮೆ ದುಡ್ಡು: 5 ಮೈಕ್ರಾನ್ ಕಾಲಂ ಸಾಕೇ, 2.7 ತಗೊಳ್ಳಬೇಕೇ?

ಅರಿಶಿನ ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಇರುವುದು ಒಂದೇ ಎಚ್‌ಪಿಎಲ್‌ಸಿ (ದ್ರಾವಣವನ್ನು ಒತ್ತಡದಲ್ಲಿ ಕಾಲಂ ಎಂಬ ಕೊಳವೆಯೊಳಗೆ ಹಾಯಿಸಿ ವಸ್ತುಗಳನ್ನು ಬೇರ್ಪಡಿಸುವ ಮಷೀನ್). ಹಳೆಯದು. ಪಂಪ್ ತಾಳುವುದು 400 ಬಾರ್ ತನಕ. ಕೈಯಿಂದ ತಿರುಗಿಸುವ ಇಂಜೆಕ್ಟರ್, 20 ಮೈಕ್ರೋಲೀಟರ್ ಲೂಪ್, ಯುವಿ ಡಿಟೆಕ್ಟರ್. ಕಾಲಂ ಓವನ್ ಇಲ್ಲ.

ಕೆಲಸ ಅರಿಶಿನದ್ದು. ತೇರದಾಳ, ರಬಕವಿ, ರಾಯಬಾಗ ಕಡೆಯ ರೈತರಿಂದ ತಂದ ಅರಿಶಿನದಲ್ಲಿ ಕರ್ಕ್ಯುಮಿನ್ ಎಷ್ಟಿದೆ ಅಂತ ಅಳೆಯುತ್ತಿದ್ದೇವೆ. ಕರ್ಕ್ಯುಮಿನ್ ಒಂಟಿಯಾಗಿ ಬರುವುದಿಲ್ಲ. ಬಿಸ್‌ಡಿಮಿಥಾಕ್ಸಿ, ಡಿಮಿಥಾಕ್ಸಿ, ಕೊನೆಗೆ ಕರ್ಕ್ಯುಮಿನ್, ಹೀಗೆ ಮೂರು ಪೀಕ್ (ರೇಖೆಯ ಉಬ್ಬು) ಸಾಲಾಗಿ ಬರುತ್ತವೆ. 425 ನ್ಯಾನೋಮೀಟರ್‌ನಲ್ಲಿ ನೋಡುತ್ತೇವೆ. ಅರ್ಧ ಅಸಿಟೋನೈಟ್ರೈಲ್, ಅರ್ಧ ಆಸಿಡ್ ಹಾಕಿದ ನೀರು, ನಿಮಿಷಕ್ಕೆ 1 ಮಿ.ಲೀ. ಈಗಿನ ಕಾಲಂ ಸಿ18, 250 × 4.6 ಮಿ.ಮೀ. (ಉದ್ದ × ಒಳವ್ಯಾಸ), ಒಳಗೆ ತುಂಬಿದ ಕಣ 5 ಮೈಕ್ರಾನ್.

ತೊಂದರೆ ಏನೆಂದರೆ ಕೊನೆಯ ಎರಡು ಪೀಕ್ ಒಂದಕ್ಕೊಂದು ಅಂಟಿಕೊಂಡಿವೆ. ರೆಸಲ್ಯೂಷನ್, ಅಂದರೆ ಎರಡು ಪೀಕ್ ಎಷ್ಟು ಬೇರೆಯಾಗಿವೆ ಅನ್ನುವ ಅಳತೆ, 1.1 ಬರುತ್ತಿದೆ. 1.5 ಆದರೂ ಬೇಕು. ಈ ವರ್ಷ ಕಾಲಂಗೆ ಅಂತ ಸಿಕ್ಕಿರುವುದು ಜಿಎಸ್‌ಟಿ ಸೇರಿ 1 ಲಕ್ಷ. ಸಣ್ಣ ಕಣದ ಕಾಲಂ ತಗೊಂಡರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 1.7 ತಗೊಳ್ಳಲೇ, 2.7 ತಗೊಳ್ಳಲೇ, 3 ತಗೊಳ್ಳಲೇ? ತಪ್ಪು ಕಾಲಂ ತಂದರೆ ಇನ್ನೊಂದು ವರ್ಷ ಕಾಯಬೇಕು. ಇಬ್ಬರು ಎಂ.ಫಾರ್ಮ್ ಮಕ್ಕಳ ಪ್ರಾಜೆಕ್ಟ್ ಇದರ ಮೇಲೆ ನಿಂತಿದೆ. ದಯವಿಟ್ಟು ಬಿಡಿಸಿ ಹೇಳಿ.

ಸರ್ವಿಸ್ ಬ್ಯಾಗ್

ಮೇಡಂ, ಏನನ್ನೂ ಕೊಳ್ಳುವ ಮೊದಲು ಮೂರು ವಿಷಯ ನೋಡಿ ಹೇಳಿ. ಈಗ ಪಂಪ್ ಎಷ್ಟು ಬಾರ್ ತೋರಿಸುತ್ತಿದೆ? ಕಾಲಂ ಹೊಸದಿದ್ದಾಗ ಎಷ್ಟಿತ್ತು? ಕರ್ಕ್ಯುಮಿನ್ ಪೀಕಿನ ಪ್ಲೇಟ್ ಸಂಖ್ಯೆ, ಅಂದರೆ ಕಾಲಂ ಎಷ್ಟು ಚೂಪಾದ ಪೀಕ್ ಕೊಡುತ್ತದೆ ಅನ್ನುವ ಅಳತೆ, ಎಷ್ಟು?

ಪ್ಲೇಟ್ ಲೆಕ್ಕ ಸುಲಭ. ಪೀಕ್ ಬಂದ ಸಮಯವನ್ನು ಅರ್ಧ ಎತ್ತರದಲ್ಲಿರುವ ಅಗಲದಿಂದ ಭಾಗಿಸಿ, ವರ್ಗ ಮಾಡಿ, 5.54ರಿಂದ ಗುಣಿಸಿ. ಎರಡನ್ನೂ ನಿಮಿಷದಲ್ಲೇ ತಗೊಳ್ಳಿ. ಮಿಶ್ರಣ ಬೇಡ, ಒಂದೇ ಸ್ಟ್ಯಾಂಡರ್ಡ್ ಹಾಕಿ ಅಳೆಯಿರಿ.

ವಿಜಯಪುರ ದ್ರಾಕ್ಷಿ ಲ್ಯಾಬ್

1.7 ಮಾತ್ರ ಬೇಡ ಮೇಡಂ. ಆ ತಪ್ಪನ್ನು ನಾವು ಮಾಡಿ ಕೂತಿದ್ದೇವೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಆಹಾರ ಪರೀಕ್ಷೆಯ ಲ್ಯಾಬ್. ತಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿ ಜಾಸ್ತಿ ಬರುತ್ತದೆ. ಮಾಸ್ ಸ್ಪೆಕ್ ಬರುವ ಮೊದಲು ನಮ್ಮ ಹತ್ತಿರವೂ ನಿಮ್ಮಂಥದ್ದೇ ಹಳೇ ಮಷೀನ್ ಇತ್ತು. ಒಬ್ಬ ಮಾರಾಟದವರ ಮಾತು ಕೇಳಿ 50 × 2.1 ಮಿ.ಮೀ., 1.7 ಮೈಕ್ರಾನ್ ಕಾಲಂ ತಂದೆವು. ಹರಿವು ಕಡಿಮೆ ಇಟ್ಟಿದ್ದರಿಂದ ಪಂಪ್ ಹೇಗೋ ತಾಳಿಕೊಂಡಿತು. ಪೀಕ್ ಮಾತ್ರ ಹಳೇ ಕಾಲಂಗಿಂತ ದಪ್ಪ ಬಂದವು. ಮೂರು ದಿನ ತಲೆ ಕೆಡಿಸಿಕೊಂಡೆವು.

ಕಾರಣ ಆಮೇಲೆ ತಿಳಿಯಿತು. ಅಷ್ಟು ಸಣ್ಣ ಕಾಲಂನಿಂದ ಬರುವ ಪೀಕಿನ ಒಟ್ಟು ಗಾತ್ರವೇ ಹದಿಮೂರು ಹದಿನಾಲ್ಕು ಮೈಕ್ರೋಲೀಟರ್. ನಮ್ಮ ಡಿಟೆಕ್ಟರ್ ಸೆಲ್ ಒಂದೇ 10 ಮೈಕ್ರೋಲೀಟರ್ ಇತ್ತು. ಜೊತೆಗೆ ಟ್ಯೂಬಿಂಗ್, ಇಂಜೆಕ್ಟರ್, ಟ್ಯೂಬುಗಳನ್ನು ಕೂಡಿಸುವ ಯೂನಿಯನ್. ಕಾಲಂ ಒಳಗೆ ಚೆಂದ ಬೇರೆಯಾದದ್ದು ಹೊರಗೆ ಬರುವಾಗ ಮತ್ತೆ ಕಲಸಿಹೋಗುತ್ತಿತ್ತು. ಆ ಕಾಲಂ ಈಗ ಹೊಸ ಮಷೀನಿನಲ್ಲಿ ಚೆನ್ನಾಗಿ ಓಡುತ್ತದೆ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ನಾವು ಅದನ್ನು ಕೂಡಿಸಿದ ಜಾಗ ತಪ್ಪಾಗಿತ್ತು.

ಎಂ.ಫಾರ್ಮ್ ಎರಡನೇ ವರ್ಷ

ಅಕ್ಕಾ, ಸರ್, ನನಗೊಂದು ಮೂಲ ಪ್ರಶ್ನೆ. ಕಣ ಸಣ್ಣದಾದರೆ ಪೀಕ್ ಯಾಕೆ ಚೂಪಾಗುತ್ತದೆ? ಪುಸ್ತಕದಲ್ಲಿ ವ್ಯಾನ್ ಡೀಮ್ಟರ್ ಸಮೀಕರಣ ಇದೆ. ಪರೀಕ್ಷೆಗೆ ಬರೆದಿದ್ದೇನೆ. ಆದರೆ ಮನಸ್ಸಿಗೆ ಹತ್ತಿಲ್ಲ.

ಬೆಳಗಾವಿ ಕ್ಯೂಸಿ

ಒಳ್ಳೆಯ ಪ್ರಶ್ನೆ ತಮ್ಮಾ. ಅದು ಮನಸ್ಸಿಗೆ ಹತ್ತಿದರೆ ಮೇಡಂ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕ ಹಾಗೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಕೊಳವೆಯಲ್ಲಿ ಕಡಲೆಕಾಳು ತುಂಬಿ. ಇನ್ನೊಂದರಲ್ಲಿ ಸಜ್ಜಕದ ರವೆ ತುಂಬಿ. ಎರಡರಲ್ಲೂ ಬಣ್ಣದ ನೀರು ಬಿಡಿ. ಕಡಲೆಯ ಸಂದಿಗಳು ದೊಡ್ಡವು. ಒಂದು ಹನಿ ನೇರವಾಗಿ ಇಳಿಯುತ್ತದೆ, ಇನ್ನೊಂದು ಸುತ್ತಿ ಬಳಸಿ ಬರುತ್ತದೆ. ಒಟ್ಟಿಗೆ ಹೊರಟವು ಒಟ್ಟಿಗೆ ತಲುಪುವುದಿಲ್ಲ. ರವೆಯಲ್ಲಿ ಎಲ್ಲ ದಾರಿಗಳೂ ಹೆಚ್ಚುಕಮ್ಮಿ ಒಂದೇ. ಇದು ಮೊದಲನೆಯದು.

ಎರಡನೆಯದು ಇನ್ನೂ ಮುಖ್ಯ. ಸಿಲಿಕಾ ಕಣ ಸ್ಪಂಜಿನಂತೆ, ಒಳಗೆಲ್ಲ ರಂಧ್ರ. ಅಣು ಒಳಗೆ ಹೋಗಿ ಹೊರಗೆ ಬರಬೇಕು. ಕಣ ದೊಡ್ಡದಿದ್ದರೆ ಕೆಲವು ಅಣು ತುಂಬಾ ಒಳಗೆ ಹೋಗಿ ತಡವಾಗಿ ಬರುತ್ತವೆ, ಕೆಲವು ಅಂಚಿನಿಂದಲೇ ತಿರುಗುತ್ತವೆ. ಪೀಕ್ ಅಗಲವಾಗುತ್ತದೆ. ಹರಿವು ಜೋರು ಮಾಡಿದಷ್ಟೂ ಈ ತಡ ಜಾಸ್ತಿ ಕಾಣುತ್ತದೆ. ಅದಕ್ಕೇ 5 ಮೈಕ್ರಾನ್ ಕಾಲಂನ ಹರಿವು ದುಪ್ಪಟ್ಟು ಮಾಡಿದರೆ ಪೀಕ್ ಕೆಡುತ್ತದೆ. 2 ಮೈಕ್ರಾನ್‌ಗಿಂತ ಸಣ್ಣ ಕಣದ್ದು ಅಷ್ಟು ಕೆಡುವುದಿಲ್ಲ.

ಇದು ಹೊಸ ತಿಳಿವಳಿಕೆ ಏನಲ್ಲ. ಮಾರ್ಟಿನ್ ಮತ್ತು ಸಿಂಜ್ ಅನ್ನುವ ಇಬ್ಬರು ವಿಜ್ಞಾನಿಗಳು 1941ರಲ್ಲೇ ಬರೆದಿದ್ದರು: ಕಣ ಸಣ್ಣದಿರಬೇಕು, ಒತ್ತಡ ಜಾಸ್ತಿ ಇರಬೇಕು ಅಂತ. 1952ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅಂಥ ಒತ್ತಡ ಕೊಡುವ ಮಷೀನ್ ಅಂಗಡಿಗೆ ಬಂದದ್ದು 2004ರಲ್ಲಿ, 1.7 ಮೈಕ್ರಾನ್ ಕಾಲಂ ಜೊತೆಗೆ. ಅದರ ಪಂಪ್ ತಾಳುವುದು 1000 ಬಾರ್. ನಮ್ಮ ನಿಮ್ಮ ಹಳೇ ಪಂಪ್ 400.

ಈಗ ಒತ್ತಡದ ಲೆಕ್ಕ. ಅದೇ ಉದ್ದ, ಅದೇ ಹರಿವು ಇಟ್ಟು ಕಣವನ್ನು ಅರ್ಧ ಮಾಡಿದರೆ ಒತ್ತಡ ನಾಲ್ಕು ಪಟ್ಟು. 5ರಿಂದ 1.7ಕ್ಕೆ ಹೋದರೆ ಸುಮಾರು ಎಂಟೂವರೆ ಪಟ್ಟು. ಹೊಸ 250 ಮಿ.ಮೀ., 5 ಮೈಕ್ರಾನ್ ಕಾಲಂ ನಿಮ್ಮ ದ್ರಾವಣದಲ್ಲಿ 90 ಬಾರ್ ತೋರಿಸುತ್ತದೆ ಅಂದುಕೊಳ್ಳಿ. 150 ಮಿ.ಮೀ., 3 ಮೈಕ್ರಾನ್ ಹಾಕಿದರೆ 150 ಬಾರ್. 100 ಮಿ.ಮೀ., 2.7 ಹಾಕಿದರೆ 123. 100 ಮಿ.ಮೀ., 1.7 ಹಾಕಿದರೆ 310. ಆ ಕೊನೆಯದು 400ರ ಒಳಗೇ ಇದೆಯಲ್ಲ ಅನ್ನಬಹುದು. ಆದರೆ ಗಾರ್ಡ್ (ಕಾಲಂ ಮುಂದೆ ಕೊಳೆ ತಡೆಯುವ ಪುಟ್ಟ ಕಾಲಂ) ಕೂಡಿಸಿ, ಒಂದು ತಿಂಗಳು ಅರಿಶಿನ ಹಾಯಿಸಿ, ಮೆಥನಾಲ್‌ಗೆ ಬದಲಾಯಿಸಿ. ಆಗ ಎಲ್ಲಿರುತ್ತದೆ? ಹಳೇ ಪಂಪಿನ ಸೀಲನ್ನು ದಿನವೂ 350ರಲ್ಲಿ ಓಡಿಸುವುದು ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು ಲೆಕ್ಕವನ್ನು ಬರೆದಿಟ್ಟುಕೊಳ್ಳಿ. ಬೇರ್ಪಡಿಸುವ ಶಕ್ತಿ ಕಣದ ಗಾತ್ರ ಒಂದರಿಂದಲೇ ಬರುವುದಿಲ್ಲ. ಉದ್ದವನ್ನು ಕಣದ ಗಾತ್ರದಿಂದ ಭಾಗಿಸಿ ಬಂದದ್ದೇ ಆ ಶಕ್ತಿ. 250 ಮಿ.ಮೀ., 5 ಮೈಕ್ರಾನ್ ಅಂದರೆ 50,000. 150 ಮಿ.ಮೀ., 3 ಮೈಕ್ರಾನ್ ಅಂದರೂ 50,000. ಎರಡೂ ಒಂದೇ ಕೆಲಸ ಮಾಡುತ್ತವೆ. ಎರಡನೆಯದು ಬೇಗ ಮುಗಿಸುತ್ತದೆ, ಅಷ್ಟೇ. 50 ಮಿ.ಮೀ., 1.7 ಅಂದರೆ 29,400. ಅದು 150 ಮಿ.ಮೀ., 5 ಮೈಕ್ರಾನ್ ಕಾಲಂಗೆ ಸಮ. ಸಣ್ಣ ಕಣ ಅಂದ ಕೂಡಲೇ ಜಾಸ್ತಿ ರೆಸಲ್ಯೂಷನ್ ಅಂತ ಭಾವಿಸಿ ಎಷ್ಟು ಜನ ದುಡ್ಡು ಕಳೆದುಕೊಂಡಿದ್ದಾರೋ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ನಮ್ಮ ಕಡೆಯ ಲ್ಯಾಬುಗಳಲ್ಲಿ ಒಂದು ಕಾಲಂ ಅಂದರೆ ಒಂದು ವರ್ಷದ ಕೆಲಸ.

ಸಕ್ಕರೆ ಕೆಮಿಸ್ಟ್ ಮುಧೋಳ

ನನ್ನದು ಬೇರೆ ದಾರಿ, ಆದರೂ ಹೇಳುತ್ತೇನೆ. ಬೆಲ್ಲದಲ್ಲಿ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ನೋಡಲು ನಾವು ಕ್ಯಾಲ್ಸಿಯಂ ರೂಪದ ರೆಸಿನ್ ಕಾಲಂ ಬಳಸುತ್ತೇವೆ. 300 × 7.8 ಮಿ.ಮೀ., ಸುಮಾರು 9 ಮೈಕ್ರಾನ್ ಕಣ. 80 ಡಿಗ್ರಿ ಬಿಸಿ, ಬರೀ ನೀರು, ಆರ್‌ಐ ಡಿಟೆಕ್ಟರ್. ದ್ರಾವಕದ ಖರ್ಚೇ ಇಲ್ಲ. ಅಲ್ಲಿ ಕಣ ಸಣ್ಣದು ಮಾಡುವ ಮಾತೇ ಬರುವುದಿಲ್ಲ. ಒತ್ತಡ ಏರಿದರೆ ರೆಸಿನ್ ಅಮುಕಿ ಹೋಗುತ್ತದೆ. 9 ಮೈಕ್ರಾನ್ ಕಣದಲ್ಲೇ ಕೆಲಸ ಚೆನ್ನಾಗಿ ನಡೆಯುತ್ತಿದೆ, ಏಕೆಂದರೆ ಅಲ್ಲಿ ಬೇರ್ಪಡಿಸುವುದು ಕೆಮಿಸ್ಟ್ರಿ.

ಬೆಳಗಾವಿ ಕ್ಯೂಸಿ

ಸರ್, ನೀವು ಹೇಳಿದ್ದು ಬೇರೆ ದಾರಿ ಅಲ್ಲವೇ ಅಲ್ಲ. ಇದೇ ದಾರಿ. ರೆಸಲ್ಯೂಷನ್ ಏರುವುದು ಪ್ಲೇಟ್ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ. ಪ್ಲೇಟ್ ದುಪ್ಪಟ್ಟು ಮಾಡಿದರೆ ರೆಸಲ್ಯೂಷನ್ ದುಪ್ಪಟ್ಟಾಗುವುದಿಲ್ಲ, 1.4 ಪಟ್ಟು ಆಗುತ್ತದೆ. ಅದೇ ದ್ರಾವಕ, ಆಸಿಡ್, ತಾಪ, ಅಥವಾ ಸಿ18 ಬದಲು ಫಿನೈಲ್ ಕಾಲಂ, ಇವುಗಳಿಂದ ಎರಡು ಪೀಕಿನ ನಡುವಿನ ದೂರ ಸ್ವಲ್ಪ ಬದಲಾದರೂ ಸಾಕು, ದೊಡ್ಡ ವ್ಯತ್ಯಾಸ ಬರುತ್ತದೆ. ಇದಕ್ಕೆ ದುಡ್ಡು ಬೇಡ. ಒಂದು ವಾರದ ಸಮಯ ಬೇಕು.

ಅರಿಶಿನ ಬಾಗಲಕೋಟೆ

ಎಲ್ಲರಿಗೂ ಧನ್ಯವಾದ. ನೀವು ಕೇಳಿದ್ದನ್ನು ಇವತ್ತು ಅಳೆದೆ.

ಕರ್ಕ್ಯುಮಿನ್ 12.4 ನಿಮಿಷಕ್ಕೆ ಬಂತು. ಅರ್ಧ ಎತ್ತರದಲ್ಲಿ ಅಗಲ 0.37 ನಿಮಿಷ. ಲೆಕ್ಕ ಹಾಕಿದರೆ ಪ್ಲೇಟ್ 6,200. ಒತ್ತಡ 190 ಬಾರ್. ಹಳೇ ಲಾಗ್‌ಬುಕ್ ಹುಡುಕಿ ನೋಡಿದೆ. ಕಾಲಂ ತಂದ ವಾರದಲ್ಲಿ ಇದೇ ದ್ರಾವಣದಲ್ಲಿ 95 ಬಾರ್ ಬರೆದಿದ್ದಾರೆ. ಪ್ಲೇಟ್ ಬರೆದಿಲ್ಲ.

ಗಾರ್ಡ್ ಕಾಲಂ ನಮ್ಮಲ್ಲಿ ಇಲ್ಲ. ಅರಿಶಿನದ ಮೆಥನಾಲ್ ಸಾರವನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿ ನೇರವಾಗಿ ಹಾಕುತ್ತಿದ್ದೆವು. ಸಿರಿಂಜ್ ಫಿಲ್ಟರ್ ಖಾಲಿಯಾಗಿ ನಾಲ್ಕು ತಿಂಗಳಾಯಿತು. ಇದನ್ನು ಬರೆಯುವಾಗಲೇ ಏನು ತಪ್ಪಾಗಿದೆ ಅಂತ ಗೊತ್ತಾಗುತ್ತಿದೆ.

ಸರ್ವಿಸ್ ಬ್ಯಾಗ್

ಮೇಡಂ, ನಿಮ್ಮ ತೊಂದರೆ ಕಣದ ಗಾತ್ರದ್ದಲ್ಲ. ಕಾಲಂ ಮುಗಿದಿದೆ.

ಹೊಸ 250 ಮಿ.ಮೀ., 5 ಮೈಕ್ರಾನ್ ಕಾಲಂ ನಿಮ್ಮ ಮಷೀನಿನಲ್ಲಿ 16,000 ಪ್ಲೇಟ್ ಆದರೂ ಕೊಡಬೇಕು. ನಿಮ್ಮದು 6,200. ವರ್ಗಮೂಲದ ಲೆಕ್ಕ ಹಾಕಿ: 16,000ವನ್ನು 6,200ರಿಂದ ಭಾಗಿಸಿದರೆ 2.58, ಅದರ ವರ್ಗಮೂಲ 1.6. ನಿಮ್ಮ 1.1 ಅನ್ನು 1.6ರಿಂದ ಗುಣಿಸಿ. 1.76. ಅಂದರೆ ಇದೇ 5 ಮೈಕ್ರಾನ್ ಹೊಸದು ಹಾಕಿದರೂ ನಿಮ್ಮ ಕೆಲಸ ಆಗುತ್ತದೆ.

ಆದರೂ ಒಂದು ಪ್ರಯತ್ನ ಮಾಡಿ. ಮೊದಲು ಕಾಲಂ ತೆಗೆದು, ಯೂನಿಯನ್ ಹಾಕಿ, ಅದೇ ಹರಿವಿನಲ್ಲಿ ಒತ್ತಡ ನೋಡಿ. ಹತ್ತು ಬಾರ್ ಒಳಗಿದ್ದರೆ ಅಡಚಣೆ ಕಾಲಂನಲ್ಲೇ ಇದೆ. ಆಮೇಲೆ ಕಾಲಂ ಜೊತೆ ಬಂದ ಚೀಟಿ ನೋಡಿ, ತಿರುಗಿಸಿ ತೊಳೆಯಬಹುದು ಅಂತ ಇದ್ದರೆ ತಿರುಗಿಸಿ ಹಾಕಿ. ಡಿಟೆಕ್ಟರ್ ಬಿಚ್ಚಿಡಿ, ಹೊರಬರುವುದು ಬೀಕರ್‌ಗೆ ಬೀಳಲಿ. ನಿಮಿಷಕ್ಕೆ 0.2 ಮಿ.ಲೀ. ಸಾಕು. ಮೊದಲು ಆಸಿಡ್ ಇಲ್ಲದ ನೀರು ಮತ್ತು ಅಸಿಟೋನೈಟ್ರೈಲ್, ಆಮೇಲೆ ಶುದ್ಧ ಅಸಿಟೋನೈಟ್ರೈಲ್, ಆಮೇಲೆ ಐಸೋಪ್ರೊಪನಾಲ್. ಐಸೋಪ್ರೊಪನಾಲ್ ದಪ್ಪ, ಒತ್ತಡ ಏರುತ್ತದೆ, ಹರಿವು ಕಡಿಮೆಯೇ ಇರಲಿ. ಅರಿಶಿನದ ಎಣ್ಣೆ, ರಾಳ ಸ್ವಲ್ಪ ಬಿಟ್ಟೀತು.

ಮತ್ತೆ ದಯವಿಟ್ಟು ಹೊಸ ಕಾಲಂ ಬರುವ ಮೊದಲು ಸಿರಿಂಜ್ ಫಿಲ್ಟರ್ ಮತ್ತು ಗಾರ್ಡ್ ತರಿಸಿ. ಬಜೆಟ್‌ನಲ್ಲಿ ಅದೇ ಮೊದಲ ಸಾಲು ಆಗಲಿ. ನಾನು ಬೆಳಗಾವಿಯಿಂದ ವಿಜಯಪುರದ ತನಕ ಎಷ್ಟೋ ಲ್ಯಾಬುಗಳಿಗೆ ಹೋಗುತ್ತೇನೆ. ಹೊಸ ಕಾಲಂಗೆ ಕಮಿಟಿ ಒಪ್ಪುತ್ತದೆ. ಗಾರ್ಡ್ ಅಂದರೆ ಅದೇನು ಬೇಕು ಅಂತ ಕೇಳುತ್ತದೆ. ಕಾಲಂ ಸಾಯುವುದು ಅಲ್ಲೇ.

ಅರಿಶಿನ ಬಾಗಲಕೋಟೆ

ತಿರುಗಿಸಿ ತೊಳೆದೆ. ಕಾಲಂ ಇಲ್ಲದೆ ಒತ್ತಡ 8 ಬಾರ್. ತೊಳೆದ ಮೇಲೆ 190ರಿಂದ 150ಕ್ಕೆ ಇಳಿಯಿತು. ಪ್ಲೇಟ್ ಮಾತ್ರ 6,500 ದಾಟಲಿಲ್ಲ. ಮೊದಲು ಬಂದ ನೀರು ಹಳದಿಯಾಗಿತ್ತು. ಇಷ್ಟು ದಿನ ಅದರ ಮೇಲೆ ಅಳೆದ ಸ್ಯಾಂಪಲ್‌ಗಳನ್ನು ಮತ್ತೆ ಅಳೆಯಬೇಕು.

ಈಗ ಪ್ರಶ್ನೆ ಬದಲಾಯಿತು. ಹೇಗೂ ಹೊಸದು ತರಬೇಕು. ಅದೇ 5 ಮೈಕ್ರಾನ್ ತರಲೇ? ಇಲ್ಲಾ ದ್ರಾವಕ ಉಳಿಯಲಿ ಅಂತ ಸಣ್ಣದಕ್ಕೆ ಹೋಗಲೇ? 60 ಸ್ಯಾಂಪಲ್ ಇವೆ, ಒಂದೊಂದು ಮೂರು ಸಲ. ಅಸಿಟೋನೈಟ್ರೈಲ್ ಬೆಲೆಯೇ ಭಯ. ಮೆಥನಾಲ್‌ನಲ್ಲಿ ಮಾಡಬಹುದೇ?

ವಿಜಯಪುರ ದ್ರಾಕ್ಷಿ ಲ್ಯಾಬ್

ಲೆಕ್ಕ ನಾನು ಹಾಕಿ ಕೊಡುತ್ತೇನೆ ಮೇಡಂ. 180 ಇಂಜೆಕ್ಷನ್. ಈಗಿನ 250 ಮಿ.ಮೀ.ನಲ್ಲಿ ಒಂದಕ್ಕೆ 15 ನಿಮಿಷ, 15 ಮಿ.ಲೀ. ಒಟ್ಟು 2.7 ಲೀಟರ್, ಅದರಲ್ಲಿ ಅರ್ಧ ಅಸಿಟೋನೈಟ್ರೈಲ್. 100 × 4.6ರಲ್ಲಿ ಅದೇ ಕೆಲಸ 6 ನಿಮಿಷಕ್ಕೆ ಮುಗಿಯುತ್ತದೆ. 1.08 ಲೀಟರ್. 100 × 3.0 ಕಾಲಂ ತಗೊಂಡರೆ ಹರಿವು 0.43 ಮಿ.ಲೀ. ಸಾಕು. ಒಟ್ಟು ಅರ್ಧ ಲೀಟರ್‌ಗೂ ಕಡಿಮೆ. ಸಮಯ 45 ತಾಸಿನಿಂದ 18 ತಾಸಿಗೆ ಇಳಿಯುತ್ತದೆ. ನಿಮ್ಮಲ್ಲಿ ಕರೆಂಟ್ ಹೋಗುವ ರೀತಿ ನೋಡಿದರೆ ಅದೂ ದೊಡ್ಡ ಲಾಭವೇ. ಮಧ್ಯಾಹ್ನ ಕರೆಂಟ್ ಹೋಗಿ ಸಾಲಿನ ನಡುವೆ ಪಂಪ್ ನಿಂತರೆ ಆಗುವ ಸಂಕಟ ನಮಗೆ ಗೊತ್ತು.

ನನ್ನ ಮತ 2.7 ಮೈಕ್ರಾನ್ ಕೋರ್-ಶೆಲ್. 100 × 4.6.

ಎಂ.ಫಾರ್ಮ್ ಎರಡನೇ ವರ್ಷ

ಕೋರ್-ಶೆಲ್ ಅಂದರೆ ಏನು ಅಕ್ಕಾ? 2.7 ಯಾಕೆ 3ಕ್ಕಿಂತ ಬೇರೆ?

ವಿಜಯಪುರ ದ್ರಾಕ್ಷಿ ಲ್ಯಾಬ್

ನಿಂಬೆಕಾಯಿ ಅಲ್ಲ, ಬಾರೆಹಣ್ಣು ನೆನಪಿಸಿಕೋ. ನಡುವೆ ಗಟ್ಟಿ ಬೀಜ, ಸುತ್ತ ತೆಳ್ಳಗೆ ತಿರುಳು. 2.7 ಮೈಕ್ರಾನ್ ಕಣದಲ್ಲಿ ನಡುವಿನ 1.7 ಮೈಕ್ರಾನ್ ಗಟ್ಟಿ ಸಿಲಿಕಾ. ಸುತ್ತ 0.5 ಮೈಕ್ರಾನ್ ಮಾತ್ರ ರಂಧ್ರ ಇರುವ ಪದರ. ಅಣು ತುಂಬಾ ಒಳಗೆ ಹೋಗಿ ಕಳೆದುಹೋಗಲು ಜಾಗವೇ ಇಲ್ಲ. ಜೊತೆಗೆ ಕಣಗಳೆಲ್ಲ ಒಂದೇ ಅಳತೆಯವು, ಒತ್ತಾಗಿ ಕೂಡುತ್ತವೆ. 2006ರಿಂದ ಮಾರುಕಟ್ಟೆಯಲ್ಲಿವೆ. ಒತ್ತಡ 2.7ರ ಲೆಕ್ಕದ್ದು, ಆದರೆ ಪೀಕ್ 2 ಮೈಕ್ರಾನ್‌ಗಿಂತ ಸಣ್ಣ ಕಣದ ಹತ್ತಿರ ಬರುತ್ತದೆ. ಹಳೇ ಪಂಪ್ ಇದ್ದವರಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಇನ್ನೊಂದು ಅನುಕೂಲ ಇದೆ. 3 ಮೈಕ್ರಾನ್ ಪೂರ್ತಿ ರಂಧ್ರದ ಕಾಲಂನಲ್ಲಿ ಸಾಮಾನ್ಯವಾಗಿ ಬಾಯಿಗೆ 0.5 ಮೈಕ್ರಾನ್ ಫ್ರಿಟ್ (ಕಣ ಹೊರಬರದಂತೆ ತಡೆಯುವ ಜರಡಿ) ಇರುತ್ತದೆ. 2.7 ಕೋರ್-ಶೆಲ್ ಕೆಲವಕ್ಕೆ 5 ಮೈಕ್ರಾನ್ ಕಾಲಂನ ಹಾಗೆ 2 ಮೈಕ್ರಾನ್ ಫ್ರಿಟ್. ಅರಿಶಿನ, ದ್ರಾಕ್ಷಿಯಂಥ ಜಿಗುಟು ಸ್ಯಾಂಪಲ್‌ಗೆ ಇದು ಬೇಗ ಕಟ್ಟುವುದಿಲ್ಲ. ಕೊಟೇಶನ್ ಕೇಳುವಾಗ ಫ್ರಿಟ್ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ.

ಬೆಳಗಾವಿ ಕ್ಯೂಸಿ

2.7ಕ್ಕೆ ನನ್ನ ವಿರೋಧ ಇಲ್ಲ. ಆದರೆ ಇರುವ ದುಡ್ಡನ್ನೆಲ್ಲ ಅದಕ್ಕೇ ಹಾಕುವುದಕ್ಕೆ ವಿರೋಧ ಇದೆ. ಇದು ಕಾಲೇಜು ಲ್ಯಾಬ್. ಬಿ.ಫಾರ್ಮ್ ಮಕ್ಕಳು ಪ್ರಾಕ್ಟಿಕಲ್‌ಗೆ ಪ್ಯಾರಾಸಿಟಮಾಲ್, ಕೆಫೀನ್ ಹಾಕುತ್ತಾರೆ. ಯಾರೋ ಫಿಲ್ಟರ್ ಮಾಡದೆ ಹಾಕುತ್ತಾರೆ, ಯಾರೋ ಬಫರ್ ತೊಳೆಯದೆ ನೇರ ಅಸಿಟೋನೈಟ್ರೈಲ್ ಬಿಡುತ್ತಾರೆ. ಉಪ್ಪು ಒಳಗೇ ಹರಳುಗಟ್ಟುತ್ತದೆ. ಅಂಥ ಕೈಗೆ ಕೊಡಲು 150 × 4.6, 5 ಮೈಕ್ರಾನ್ ಒಂದು ಇರಲೇಬೇಕು. ತಾಳಿಕೆ ಜಾಸ್ತಿ, ಬೆಲೆ ಕಡಿಮೆ. ಎರಡು ಕಾಲಂ, ಎರಡು ಡಬ್ಬಿ, ಎರಡು ಲಾಗ್‌ಬುಕ್. 2.7 ಡಬ್ಬಿಯ ಬೀಗ ಮೇಡಂ ಹತ್ತಿರ.

ವಿಜಯಪುರ ದ್ರಾಕ್ಷಿ ಲ್ಯಾಬ್

ಸರ್, ಮಕ್ಕಳು ಕಲಿಯಬೇಕಾದದ್ದೂ ಒಳ್ಳೆಯ ಕಾಲಂ ಮೇಲೆಯೇ ಅಲ್ವಾ? ಬೀಗ ಹಾಕಿಟ್ಟರೆ ಅವರು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನೋಡುತ್ತಾರೆ. ನಮ್ಮಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಅದನ್ನೇ ಕಾಣುತ್ತಿದ್ದೇನೆ.

ಬೆಳಗಾವಿ ಕ್ಯೂಸಿ

ನೀವು ಹೇಳುವುದು ಸರಿ. ಬೀಗ ಅನ್ನುವ ಮಾತು ಹಿಂದೆ ತಗೊಳ್ಳುತ್ತೇನೆ. ಮೊದಲು 5 ಮೈಕ್ರಾನ್ ಮೇಲೆ ಫಿಲ್ಟರ್ ಮಾಡುವುದು, ತೊಳೆಯುವುದು, ಪ್ಲೇಟ್ ಬರೆಯುವುದು ಕಲಿಯಲಿ. ಆಮೇಲೆ 2.7 ಅವರ ಕೈಗೆ ಬರಲಿ. ಎರಡೂ ಕಾಲಂ ಬೇಕು ಅನ್ನುವುದರಲ್ಲಿ ಮಾತ್ರ ನಾನು ಬದಲಾಗುವುದಿಲ್ಲ.

ಮೆಥನಾಲ್ ವಿಷಯ. ಅಗ್ಗ ನಿಜ. 425ರಲ್ಲಿ ನೋಡುವುದರಿಂದ ಯುವಿ ಅಡ್ಡಿಯೂ ಇಲ್ಲ. ಆದರೆ ಮೆಥನಾಲ್ ಮತ್ತು ನೀರು ಕಲಸಿದರೆ ಎರಡಕ್ಕಿಂತ ದಪ್ಪವಾಗುತ್ತದೆ. ಅರ್ಧ ಅರ್ಧ ಕಲಸಿದರೆ ಅಸಿಟೋನೈಟ್ರೈಲ್ ಮಿಶ್ರಣದ ಹೆಚ್ಚುಕಮ್ಮಿ ಎರಡು ಪಟ್ಟು ಒತ್ತಡ. 5 ಮೈಕ್ರಾನ್‌ನಲ್ಲಿ ಅದು ಗೊತ್ತಾಗುವುದೇ ಇಲ್ಲ. 2.7ರಲ್ಲಿ 123 ಇದ್ದದ್ದು 240ರ ಹತ್ತಿರ ಹೋಗುತ್ತದೆ. 1.7ರಲ್ಲಿ ಪಂಪ್ ನಿಲ್ಲುತ್ತದೆ. ಅಂದರೆ ಕಣದ ಗಾತ್ರ ಆರಿಸುವಾಗ ನೀವು ಯಾವ ದ್ರಾವಕ ಕೊಳ್ಳಬಲ್ಲಿರಿ ಅನ್ನುವುದೂ ಸೇರಿಕೊಳ್ಳುತ್ತದೆ. ಮೆಥನಾಲ್‌ನಲ್ಲಿ ಪೀಕುಗಳ ನಡುವಿನ ದೂರವೂ ಬದಲಾಗುತ್ತದೆ. ಒಮ್ಮೆ ಹಾಕಿ ನೋಡಿ, ಅಂಟಿಕೊಂಡರೆ ಬಿಡಿ.

ಒಂದು ನೆನಪು ಹೇಳಬೇಕು. 2008ರ ಕೊನೆಯಲ್ಲಿ ನಾನು ಟ್ರೈನಿ. ಅಸಿಟೋನೈಟ್ರೈಲ್ ಸಿಗುವುದೇ ನಿಂತುಹೋಯಿತು. ಅದು ಅಕ್ರಿಲೋನೈಟ್ರೈಲ್ ಮಾಡುವಾಗ ಪಕ್ಕದಲ್ಲಿ ಸಿಗುವ ವಸ್ತು. ಕಾರು ಮಾರಾಟ ಬಿದ್ದು ಪ್ಲಾಸ್ಟಿಕ್‌ಗೆ ಬೇಡಿಕೆ ಇಳಿಯಿತು. ಬೀಜಿಂಗ್ ಒಲಿಂಪಿಕ್ಸ್‌ಗೆ ಚೀನಾದಲ್ಲಿ ಕಾರ್ಖಾನೆ ನಿಲ್ಲಿಸಿದರು. ಅಮೆರಿಕದ ಟೆಕ್ಸಾಸ್‌ನಲ್ಲಿ ಚಂಡಮಾರುತ ಬಂತು. ಇಲ್ಲಿ ಬೆಳಗಾವಿಯಲ್ಲಿ ನಾವು ಒಂದೊಂದು ಬಾಟಲಿ ಎಣಿಸಿ ಬಳಸಿದೆವು. ಉದ್ದ ಕಾಲಂನಿಂದ ಗಿಡ್ಡ ಕಾಲಂಗೆ ಹೋಗುವುದನ್ನು ನಾನು ಕಲಿತದ್ದು ಆಗ.

ಅರಿಶಿನ ಬಾಗಲಕೋಟೆ

ಮೆಥನಾಲ್ ಹಾಕಿ ನೋಡಿದೆ ಸರ್. ಹಳೇ ಕಾಲಂನಲ್ಲಿ ಕೊನೆಯ ಎರಡು ಇನ್ನೂ ಹತ್ತಿರ ಬಂದವು. ಅಸಿಟೋನೈಟ್ರೈಲ್‌ನಲ್ಲೇ ಮುಂದುವರಿಯುತ್ತೇನೆ.

ಇನ್ನೊಂದು ಸಂದೇಹ. ಮುಂದೆ ಫಾರ್ಮಕೋಪಿಯ (ಔಷಧ ಗುಣಮಟ್ಟದ ಅಧಿಕೃತ ಪುಸ್ತಕ) ವಿಧಾನ ಮಾಡಬೇಕಾದಾಗ 250 ಮಿ.ಮೀ., 5 ಮೈಕ್ರಾನ್ ಅಂತ ಬರೆದಿರುತ್ತದೆ. ನನ್ನ ಹತ್ತಿರ ಅದು ಇರುವುದಿಲ್ಲ. ಬದಲಾಯಿಸಲು ಒಪ್ಪುತ್ತಾರಾ?

ಬೆಳಗಾವಿ ಕ್ಯೂಸಿ

ಅಮೆರಿಕದ ಫಾರ್ಮಕೋಪಿಯದ 621ನೇ ಅಧ್ಯಾಯ ಒಪ್ಪುತ್ತದೆ. ಉದ್ದವನ್ನು ಕಣದಿಂದ ಭಾಗಿಸಿದ ಆ ಲೆಕ್ಕವೇ ಅಲ್ಲಿಯೂ. ಮೂಲದ್ದಕ್ಕಿಂತ ಶೇ. 25 ಕಡಿಮೆಯಿಂದ ಶೇ. 50 ಜಾಸ್ತಿ ತನಕ ಹೋಗಬಹುದು. 250/5 ಅಂದರೆ 50,000. ಹಾಗಾದರೆ 37,500ರಿಂದ 75,000. 150 ಮಿ.ಮೀ., 3 ಮೈಕ್ರಾನ್ ಸಲೀಸಾಗಿ ಒಳಗೆ. 150 ಮಿ.ಮೀ., 2.7 ಅಂದರೆ 55,600, ಒಳಗೆ. 150 ಮಿ.ಮೀ., 5 ಮೈಕ್ರಾನ್ 30,000, ಹೊರಗೆ. 100 ಮಿ.ಮೀ., 2.7 ಅಂದರೆ 37,037. ಕೂದಲೆಳೆಯಲ್ಲಿ ಹೊರಗೆ. ಆದರೆ ಕೋರ್-ಶೆಲ್‌ಗೆ ಇನ್ನೊಂದು ಬಾಗಿಲು ಇಟ್ಟಿದ್ದಾರೆ: ಪ್ಲೇಟ್ ಸಂಖ್ಯೆ ಅದೇ ಮಿತಿಯೊಳಗೆ ಬಂದರೆ ಸಾಕು. ಸಿಸ್ಟಂ ಸೂಟಬಿಲಿಟಿ (ಮಷೀನ್, ಕಾಲಂ ಸರಿ ಇವೆಯೇ ಅನ್ನುವ ಪರೀಕ್ಷೆ) ಹೇಗೂ ಪಾಸ್ ಆಗಬೇಕು. 2022ರ ಡಿಸೆಂಬರ್‌ನಿಂದ ಗ್ರೇಡಿಯಂಟ್ (ಓಡುವಾಗಲೇ ದ್ರಾವಕದ ಪ್ರಮಾಣ ಬದಲಿಸುವ) ವಿಧಾನಕ್ಕೂ ಅವಕಾಶ ಇದೆ.

ಸರ್ವಿಸ್ ಬ್ಯಾಗ್

2.7 ತರುವುದೇ ಆದರೆ ಮಷೀನನ್ನೂ ಸ್ವಲ್ಪ ಅಣಿ ಮಾಡಿ. ದುಡ್ಡು ಹೆಚ್ಚು ಬೇಡ.

ಇಂಜೆಕ್ಟರ್‌ನಿಂದ ಕಾಲಂಗೆ, ಕಾಲಂನಿಂದ ಡಿಟೆಕ್ಟರ್‌ಗೆ ಇರುವ ಪೀಕ್ (PEEK ಅನ್ನುವ ಪ್ಲಾಸ್ಟಿಕ್) ಟ್ಯೂಬಿನ ಬಣ್ಣ ನೋಡಿ. ನೀಲಿ ಗೆರೆ ಇದ್ದರೆ ಒಳವ್ಯಾಸ 0.25 ಮಿ.ಮೀ. ಹತ್ತು ಸೆಂ.ಮೀ.ನಲ್ಲೇ 5 ಮೈಕ್ರೋಲೀಟರ್ ನಿಲ್ಲುತ್ತದೆ. ಹಳದಿ ಹಾಕಿ, 0.17. ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಎಷ್ಟು ಗಿಡ್ಡ ಆಗುತ್ತದೋ ಅಷ್ಟು ಗಿಡ್ಡ ಮಾಡಿ. ಫೆರೂಲ್ ಕೂಡಿಸುವಾಗ ಟ್ಯೂಬನ್ನು ಕಾಲಂ ತಳಕ್ಕೆ ಒತ್ತಿ ಹಿಡಿದೇ ಬಿಗಿ ಮಾಡಿ. ನಡುವೆ ಒಂದು ಮಿ.ಮೀ. ಸಂದಿ ಉಳಿದರೂ ಪೀಕಿಗೆ ಬಾಲ ಬರುತ್ತದೆ. ಎಷ್ಟೋ ಜನ ಇದನ್ನು ಕಾಲಂ ದೋಷ ಅಂತ ವಾಪಸ್ ಕಳಿಸುತ್ತಾರೆ.

ಲೂಪ್ 20ರ ಬದಲು 5 ಅಥವಾ 10 ಹಾಕಿ. ಸ್ಯಾಂಪಲನ್ನು ಶುದ್ಧ ಮೆಥನಾಲ್‌ನಲ್ಲಿ ಹಾಕಬೇಡಿ, ಕೊನೆಯ ಸಲ ಮೊಬೈಲ್ ಫೇಸ್‌ನಲ್ಲೇ (ಕಾಲಂನಲ್ಲಿ ಹರಿಯುವ ದ್ರಾವಣ) ತೆಳು ಮಾಡಿ. ಡಿಟೆಕ್ಟರ್‌ನ ರೆಸ್ಪಾನ್ಸ್ ಟೈಮ್ 2 ಸೆಕೆಂಡ್ ಇದ್ದರೆ ಅರ್ಧ ಸೆಕೆಂಡ್ ಮಾಡಿ. ಈಗ ಪೀಕ್ 5 ಸೆಕೆಂಡಿನಷ್ಟೇ ಅಗಲ ಇರುತ್ತದೆ, 22 ಸೆಕೆಂಡ್ ಅಲ್ಲ.

ಕಾಲಂ ಓವನ್ ಇಲ್ಲ ಅಂದಿರಿ. ಮೇ ತಿಂಗಳ ಬಾಗಲಕೋಟೆಯಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ. ಒಂದು ಡಿಗ್ರಿಗೆ ಪೀಕಿನ ಸಮಯ ಶೇ. 1ರಿಂದ 2 ಜರುಗುತ್ತದೆ. ಕಾಲಂ ಮೇಲೆ ಎಸಿ ಗಾಳಿ ಬೀಸದ ಹಾಗೆ ನೋಡಿಕೊಳ್ಳಿ, ಥರ್ಮೋಕೋಲ್ ಡಬ್ಬಿ ಕಟ್ಟಿ. ಐದಾರು ಸ್ಯಾಂಪಲ್‌ಗೊಮ್ಮೆ ಸ್ಟ್ಯಾಂಡರ್ಡ್ ಹಾಕಿ.

ಸಕ್ಕರೆ ಕೆಮಿಸ್ಟ್ ಮುಧೋಳ

ಮೇಡಂ, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆಯ ಬೋರಿನ ನೀರು ಎಷ್ಟು ಗಡಸು ಅಂತ ಗೊತ್ತಲ್ಲ. ಒಮ್ಮೆ ಭಟ್ಟಿ ಇಳಿಸಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ವಾರಗಟ್ಟಲೆ ಇಟ್ಟ ನೀರು ಬಳಸಬೇಡಿ. ಪಾಚಿ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆ ದಿನದ ನೀರು, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ್ದು.

ಅರಿಶಿನ ಬಾಗಲಕೋಟೆ

ಐದು ವಾರದ ನಂತರ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ. ಕೊಟೇಶನ್, ಕಮಿಟಿ, ಸಹಿ, ಎಲ್ಲ ಮುಗಿಯಬೇಕಿತ್ತು.

ತಂದದ್ದು ಇಷ್ಟು. 100 × 4.6, 2.7 ಮೈಕ್ರಾನ್ ಕೋರ್-ಶೆಲ್ ಸಿ18 ಒಂದು, ಅದಕ್ಕೆ ಹೊಂದುವ ಗಾರ್ಡ್. 150 × 4.6, 5 ಮೈಕ್ರಾನ್ ಸಿ18 ಒಂದು. ಸಿರಿಂಜ್ ಫಿಲ್ಟರ್ ಎರಡು ಪ್ಯಾಕ್, ಹಳದಿ ಟ್ಯೂಬ್ ಎರಡು ಮೀಟರ್, 10 ಮೈಕ್ರೋಲೀಟರ್ ಲೂಪ್. ಒಂದು ಲಕ್ಷದ ಒಳಗೇ ಬಂತು. ಕಮಿಟಿಯಲ್ಲಿ ಗಾರ್ಡ್ ಯಾಕೆ ಅಂತ ಕೇಳಿದರು. 95 ಮತ್ತು 190 ಬಾರ್ ಇದ್ದ ಲಾಗ್‌ಬುಕ್ ಪುಟ ತೋರಿಸಿದೆ. ಮತ್ತೆ ಯಾರೂ ಕೇಳಲಿಲ್ಲ.

ನಿನ್ನೆ 2.7 ಓಡಿಸಿದೆವು. ಕರ್ಕ್ಯುಮಿನ್ 4.8 ನಿಮಿಷಕ್ಕೆ ಬಂತು. ಅರ್ಧ ಎತ್ತರದಲ್ಲಿ ಅಗಲ 0.083. ಪ್ಲೇಟ್ 18,500. ಗಾರ್ಡ್ ಸೇರಿ ಒತ್ತಡ 140 ಬಾರ್. ಕೊನೆಯ ಎರಡು ಪೀಕ್ ನಡುವೆ ರೇಖೆ ಕೆಳಗೆ ಮುಟ್ಟಿ ಮೇಲೆದ್ದಿತು. ರೆಸಲ್ಯೂಷನ್ 1.8. ಪ್ರಾಜೆಕ್ಟ್ ಹುಡುಗಿ ಪರದೆ ನೋಡುತ್ತಾ ಎದ್ದು ನಿಂತುಬಿಟ್ಟಳು.

ಎಂ.ಫಾರ್ಮ್ ಎರಡನೇ ವರ್ಷ

ಮೇಡಂ, ಸಂತೋಷವಾಯಿತು. ರಾತ್ರಿ ಕಾಲಂ ಯಾವುದರಲ್ಲಿ ಇಡುತ್ತೀರಿ? ನಮ್ಮಲ್ಲಿ ನೀರಿನಲ್ಲೇ ಬಿಟ್ಟು ಹೋಗುತ್ತಾರೆ.

ಅರಿಶಿನ ಬಾಗಲಕೋಟೆ

ನೀರಿನಲ್ಲಿ ಬೇಡಪ್ಪಾ. ಆಸಿಡ್ ಇಲ್ಲದ ನೀರು ಮತ್ತು ಅಸಿಟೋನೈಟ್ರೈಲ್ ಅರ್ಧ ಅರ್ಧ ಇಪ್ಪತ್ತು ನಿಮಿಷ, ಆಮೇಲೆ ಅಸಿಟೋನೈಟ್ರೈಲ್ 70, ನೀರು 30, ಹದಿನೈದು ನಿಮಿಷ. ಎರಡೂ ಬಾಯಿಗೆ ಬಿರಡೆ ಹಾಕಿ ಬಿಗಿ ಮಾಡಿ ಡಬ್ಬಿಯಲ್ಲಿಡು. ಬಫರ್ ಬಳಸಿದ್ದರೆ ಮೊದಲು ಶೇ. 10 ಅಸಿಟೋನೈಟ್ರೈಲ್ ಇರುವ ನೀರಿನಲ್ಲಿ ತೊಳೆಯಬೇಕು. ನಾವು ಡಬ್ಬಿಯ ಮುಚ್ಚಳದ ಒಳಗೆ ಮೊದಲ ದಿನದ ಕ್ರೊಮ್ಯಾಟೋಗ್ರಾಂ ಅಂಟಿಸಿದ್ದೇವೆ. ಪಕ್ಕದಲ್ಲಿ ಪ್ಲೇಟ್ 18,500, ಒತ್ತಡ 140, ತಾರೀಖು. ಪ್ರತಿ ಸೋಮವಾರ ಅದರ ಕೆಳಗೆ ಒಂದು ಸಾಲು ಸೇರಿಸುವುದು ಹುಡುಗಿಯರ ಕೆಲಸ. ಇವತ್ತು 18,300 ಮತ್ತು 142.